ಆಸ್ಪತ್ರೆಯಲ್ಲಿ ಆಟಕ್ಕೊಂದು ಮೂಲೆ

(ಮಠದ ಮಾಸಿಕ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ನಾನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಭಾಷಣ ನನ್ನ ಕಾಯಕವಲ್ಲ. 'ಕಂಡದ್ದನ್ನೇ ಹೇಳಿರಿ' ಎಂದು ಅಪ್ಪಗಳು ಅಪ್ಪಣೆ ಕೊಟ್ಟರು, ಅದಕ್ಕೇ ನಿಂತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಅಳುವ ಮಕ್ಕಳನ್ನು 'ಸುಮ್ಮನಾಗದಿದ್ದರೆ ಸೂಜಿ ಮಾಡ್ತೀನಿ' ಎಂದು ಎಷ್ಟೋ ವರ್ಷ ಹೆದರಿಸಿದೆ. ಮಗು ಸುಮ್ಮನಾಗುತ್ತಿತ್ತು, ನನ್ನ ಕೆಲಸ ಹಗುರಾಗುತ್ತಿತ್ತು. ಆದರೆ ನಿಜವಾಗಿ ಸೂಜಿ ಮಾಡುವಾಗ ಇಬ್ಬರು ಕೈಕಾಲು ಒತ್ತಿ ಹಿಡಿಯಬೇಕಾಗುತ್ತಿತ್ತು. ಆ ಭಯ ನಾನೇ ಬಿತ್ತಿದ್ದು ಎಂದು ತಿಳಿಸಿಕೊಟ್ಟವಳು ನಾಲ್ಕು ವರ್ಷದ ಒಬ್ಬ ಹುಡುಗಿ. ಒಂದು ಮಧ್ಯಾಹ್ನ ಆಕೆ ಬಟ್ಟೆಗೊಂಬೆಯ ಕೈಗೆ ಪಟ್ಟಿ ಸುತ್ತಿ, ಸೂಜಿಯಿಲ್ಲದ ಸಿರಿಂಜ್ ಒತ್ತಿ, 'ಅಳಬ್ಯಾಡ, ಇಲ್ಲಾಂದ್ರ ಇನ್ನೊಂದು ಮಾಡ್ತೀನಿ' ಎಂದು ನನ್ನದೇ ದನಿಯಲ್ಲಿ ಗದರುತ್ತಿದ್ದಳು. ಮರುದಿನದಿಂದ ನಾನು ಮೊದಲು ಗೊಂಬೆಗೆ ಸಲೈನ್ ಹಚ್ಚಿ ತೋರಿಸತೊಡಗಿದೆ. ಅಳು ನಿಲ್ಲಲಿಲ್ಲ, ಸುಳ್ಳು ಹೇಳಲಾರೆ. ಒತ್ತಿ ಹಿಡಿಯುವುದು ಮಾತ್ರ ಕಡಿಮೆಯಾಯಿತು.

ಇದು ಹೊಸ ಮಾತೇನಲ್ಲ. ಆಸ್ಪತ್ರೆ ಸೇರಿ ತಾಯಿಯಿಂದ ದೂರಾದ ಎರಡು ವರ್ಷದ ಮಗುವಿನ ಸಂಕಟವನ್ನು ಇಂಗ್ಲೆಂಡಿನ ಜೇಮ್ಸ್ ರಾಬರ್ಟ್‌ಸನ್ 1952ರಲ್ಲೇ ಚಿತ್ರ ತೆಗೆದು ತೋರಿಸಿದರು. 1959ರ ಪ್ಲಾಟ್ ಸಮಿತಿ ವರದಿಯು ತಂದೆತಾಯಿಯರನ್ನು ಹೊರಗಿಡಬೇಡಿ ಎಂದಿತು. ಅಷ್ಟು ದೂರವೇಕೆ? ನಮ್ಮ ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತೀರ ಬಡಕಲಾದ ಮಕ್ಕಳನ್ನು ಸುಮಾರು ಎರಡು ವಾರ ಇಟ್ಟುಕೊಳ್ಳುತ್ತಾರೆ. ಅಂಥ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಚಿಕಿತ್ಸೆಯ 10 ಹಂತಗಳಲ್ಲಿ ಒಂದು ಪ್ರೀತಿಯ ಆರೈಕೆ ಮತ್ತು ಆಟ. ದಿನಕ್ಕೆ 15ರಿಂದ 30 ನಿಮಿಷ. ಹಾಲು, ಔಷಧಿಯ ಸಾಲಿನಲ್ಲೇ ಆಟವೂ ಇದೆ. ಆಟಿಕೆಗಳೂ ದುಬಾರಿಯವಲ್ಲ: ಬಾಟಲಿ ಮುಚ್ಚಳದ ಗಿಲಕಿ, ಕಟ್ಟಿಗೆಯ ತುಂಡು, ಡಬ್ಬಿಯ ಡೋಲು.

ಜಾಗವೂ ದೊಡ್ಡದು ಬೇಡ. ವಾರ್ಡಿನ ಒಂದು ಮೂಲೆ, ಒಂದು ಚಾಪೆ, ಒಂದು ಬುಟ್ಟಿ. ಏಳಲಾರದ ಮಗುವಿನ ಮಂಚಕ್ಕೆ ಬುಟ್ಟಿಯೇ ಹೋಗಬೇಕು. ತೊಳೆಯಲು ಬರುವ ಆಟಿಕೆಗಳೇ ಇರಲಿ. ಬಟ್ಟೆಗೊಂಬೆಯಾದರೆ ಮಗುವಿಗೊಂದು, ಅದು ಮನೆಗೂ ಅದರೊಂದಿಗೇ ಹೋಗಲಿ. ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ, ಅಲ್ಲಿ ವೈದ್ಯರನ್ನು ಕೇಳದೆ ಏನನ್ನೂ ಕೊಡಬಾರದು. ಇನ್ನೊಂದು ಕಟ್ಟುನಿಟ್ಟು: ಆ ಚಾಪೆಯ ಮೇಲೆ ಯಾರೂ ಸೂಜಿ ಮಾಡಕೂಡದು, ಕಹಿ ಔಷಧಿ ಕುಡಿಸಕೂಡದು. ಡಾಕ್ಟರಾದರೂ ಅಷ್ಟೇ. ಆಸ್ಪತ್ರೆಯಲ್ಲಿ ಮಗು ಬೆನ್ನು ತಿರುಗಿಸಿ ಕೂರಲು ಧೈರ್ಯ ಮಾಡುವ ಜಾಗ ಅದೊಂದೇ.

ದಾನಿಗಳಲ್ಲಿ ಒಂದು ಮಾತು, ಬೇಸರಿಸಬೇಡಿ. ಒಂದು ಕಡೆ ಆಟದ ಕೋಣೆಯ ಉದ್ಘಾಟನೆಯಾಯಿತು, ಹೆಸರಿನ ಫಲಕ ಬಿತ್ತು, ಫೋಟೋ ಆಯಿತು. ಮರುವಾರ ಆಟಿಕೆಗಳು ಕಪಾಟು ಸೇರಿದವು. ಕೇಳಿದರೆ, 'ಕಳೆದುಹೋಗ್ತಾವ್ರಿ' ಎಂದರು. ಆಟಿಕೆ ಕಳೆಯುತ್ತವೆ, ಮುರಿಯುತ್ತವೆ. ಮಕ್ಕಳು ಆಡಿದ ಗುರುತೇ ಅದು. ಅಲ್ಲಿ ಕೊರತೆಯಿದ್ದದ್ದು ಕೂತು ಆಡಿಸುವ ಮನುಷ್ಯರದು. ನರ್ಸುಗಳಿಗೆ ಬಿಡುವಿಲ್ಲ, ಅದು ನನಗೆ ಗೊತ್ತು.

ಆದ್ದರಿಂದ ಅಕ್ಕನ ಬಳಗದ ತಾಯಂದಿರಲ್ಲಿ ಕೇಳುತ್ತೇನೆ: ಮಧ್ಯಾಹ್ನ ಮೂರರಿಂದ ಐದು, ವಾರಕ್ಕೊಂದು ದಿನ, ಇಬ್ಬಿಬ್ಬರು. ಕೆಮ್ಮು ನೆಗಡಿ ಇದ್ದವರು ಆ ದಿನ ಬರಬೇಡಿ. ದಾಸೋಹ ಮುಗಿದ ಮೇಲೆ ಬಾಗಿಲ ಬಳಿ ವಹಿ ಹಿಡಿದು ಕೂತಿರುತ್ತೇನೆ. ಚಾಪೆ ನಾನೇ ತರುತ್ತೇನೆ.