ಅರ್ಜಿಗೆ ತಕ್ಕ ಸಾಧನ
(ಹಾಲು ಉತ್ಪಾದಕರ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಮ್ಮ ಸಂಘಕ್ಕೆ ಒಬ್ಬ ಹಾಲು ಪರೀಕ್ಷಕರು ಬೇಕಾಗಿದ್ದಾರೆ. ಅರ್ಜಿಗಳನ್ನು ಮೊಬೈಲಿನ ಮೂಲಕ ತರಿಸೋಣವೆಂದು ತಾವು ನಿಶ್ಚಯಿಸಿದ್ದೀರಿ. ಸಂತೋಷ. ಆದರೆ ನೆಲ ನೋಡಿ ಬೀಜ ಆರಿಸುವಂತೆ, ಅರ್ಜಿ ಹಾಕುವವರನ್ನು ನೋಡಿ ಸಾಧನ ಆರಿಸಬೇಕು.

ಎರಡು ವರ್ಷದ ಹಿಂದೆ ನೆರೆಯೂರಿನ ಒಂದು ಸಂಘ ವಾಟ್ಸಾಪಿನಲ್ಲಿ ಅರ್ಜಿ ತರಿಸಿತು. ಆ ಸಲಹೆ ಕೊಟ್ಟವನು ನಾನೇ. ಹಬ್ಬದ ಶುಭಾಶಯಗಳ ನಡುವೆ ಅರ್ಜಿಗಳು ಹುದುಗಿಹೋದವು. ಸಂದರ್ಶನ ಮುಗಿದ ಮೇಲೆ ಒಬ್ಬ ಹುಡುಗಿ ಬಂದು, ತಾನು ಕಳಿಸಿದ ಅರ್ಜಿಯನ್ನೂ ಅದರ ಕೆಳಗಿನ ಎರಡು ನೀಲಿ ಗುರುತುಗಳನ್ನೂ ತೋರಿಸಿದಳು. ತೆರೆದವರು ಪಟ್ಟಿಗೆ ಬರೆದುಕೊಂಡಿರಲಿಲ್ಲ. ಆಕೆಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಆ ತಪ್ಪು ಇಲ್ಲಿ ಆಗಬಾರದು.

ಇದಕ್ಕೆ ಈಗ ಹಲವು ಸಾಧನಗಳಿವೆ. ಮೈಕ್ರೋಸಾಫ್ಟ್ ಫಾರ್ಮ್ಸ್‌ನಲ್ಲಿ ಹೊರಗಿನವರು ಕಡತ ಲಗತ್ತಿಸಲು ಆಗದು. ಜೋಹೋ ಫಾರ್ಮ್ಸ್ ನಮ್ಮ ದೇಶದ್ದೇ. ಆದರೆ ಉಚಿತವಾಗಿ ಪಡೆಯಬಹುದಾದ ಅರ್ಜಿಗಳಿಗೆ ತಿಂಗಳಿಗೆ ಮಿತಿಯುಂಟು. ಗೂಗಲ್ ಫಾರ್ಮ್ಸ್‌ಗೆ ಹಣ ಬೇಡ. ಪ್ರಶ್ನೆಗಳನ್ನು ಕನ್ನಡದಲ್ಲೇ ಬರೆಯಬಹುದು. ಬಂದ ಪ್ರತಿ ಅರ್ಜಿಯೂ ದಿನಾಂಕ, ವೇಳೆಯ ಸಹಿತ ತಾನಾಗಿಯೇ ಪಟ್ಟಿಯಲ್ಲಿ ಸಾಲಾಗಿ ಕೂರುತ್ತದೆ. ಕೊನೆಯ ದಿನ ಮುಗಿದೊಡನೆ ನಮೂನೆಯನ್ನು ಮುಚ್ಚಲೂಬಹುದು. ನಮಗೆ ಇದೇ ಸಾಕು.

ಆದರೆ ಒಂದು ತೊಡಕಿದೆ. ಅಂಕಪಟ್ಟಿಯನ್ನು ಅದರಲ್ಲೇ ಲಗತ್ತಿಸಿ ಎಂದು ಕೇಳಿದರೆ, ಅರ್ಜಿದಾರರು ತಮ್ಮ ಗೂಗಲ್ ಖಾತೆಯಿಂದ ಒಳಹೋಗಲೇಬೇಕು. ಮನೆಗೊಂದೇ ಮೊಬೈಲು ಇರುವಲ್ಲಿ ಖಾತೆ ಅಣ್ಣನದಾಗಿರುತ್ತದೆ. ಗುಪ್ತಪದ ಯಾರಿಗೂ ನೆನಪಿರುವುದಿಲ್ಲ. ತಂಗಿಯ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಕಾಗದಪತ್ರ ಕೇಳುವುದು ಬೇಡ. ಹೆಸರು, ವಯಸ್ಸು, ವಿದ್ಯಾಭ್ಯಾಸ, ಅನುಭವ, ಫೋನ್ ಸಂಖ್ಯೆ, ಇಷ್ಟು ಸಾಕು. ಮೂಲ ಪತ್ರಗಳನ್ನು ಸಂದರ್ಶನದ ದಿನ ನೋಡೋಣ.

ಆಧಾರ್ ಸಂಖ್ಯೆಯನ್ನಂತೂ ಕೇಳಲೇಬಾರದು. ಬೇರೆಯವರ ವಿವರ ನಮ್ಮ ಕೈಯಲ್ಲಿರುವ ಒಡವೆಯಂತೆ. ಬೇಕಾದಷ್ಟನ್ನೇ ಪಡೆದು ಜೋಪಾನ ಮಾಡಬೇಕು. ಇದಕ್ಕಾಗಿಯೇ 2023ರಲ್ಲಿ ಸಂಸತ್ತು ಕಾನೂನನ್ನು ಮಾಡಿದೆ. ಪಟ್ಟಿಯನ್ನು ಕಾರ್ಯದರ್ಶಿಗಳೂ ಇನ್ನೊಬ್ಬ ನಿರ್ದೇಶಕರೂ ಮಾತ್ರ ನೋಡಲಿ.

ಇನ್ನೆರಡು ಮಾತು. ಮೊಬೈಲು ಇಲ್ಲದವರ ಅರ್ಜಿಯನ್ನು ಕಾಗದದಲ್ಲೇ ಪಡೆದು, ರಸೀದಿ ಕೊಟ್ಟು, ಅಂದೇ ಅದೇ ಪಟ್ಟಿಗೆ ಸೇರಿಸಬೇಕು. ಕೊನೆಯ ದಿನ ಸಂಜೆ, ಅರ್ಜಿ ಹಾಕಿದವರ ಹೆಸರುಗಳನ್ನಷ್ಟೇ ಡೈರಿಯ ಫಲಕಕ್ಕೆ ಅಂಟಿಸಿ ಮೂರು ದಿನ ಬಿಡಬೇಕು. ಹೆಸರು ಬಿಟ್ಟುಹೋಗಿದ್ದರೆ ಸಂದರ್ಶನಕ್ಕೆ ಮೊದಲೇ ಬಂದು ಕೇಳಲಿ.

ಕೆಲಸ ಸಿಗುವುದು ಒಬ್ಬರಿಗೆ. ತಮ್ಮ ಅರ್ಜಿಯನ್ನು ಓದಿದರೆಂಬ ನಂಬಿಕೆ ಎಲ್ಲರಿಗೂ ಸಿಗಬೇಕು. ನಮೂನೆಯನ್ನು ಸಿದ್ಧಪಡಿಸಲು ನಾಳೆ ಬೆಳಗಿನ ಹಾಲು ಅಳೆದ ಮೇಲೆ ನಾನು ಡೈರಿಯಲ್ಲಿರುತ್ತೇನೆ. ತಾವೂ ಬನ್ನಿ.