ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆಯೇ?

(ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ರೋಗಿಗಳು ಹಾಗೂ ಅವರ ಬಂಧುಗಳಿಗಾಗಿ ನೀಡಿದ ಉಪನ್ಯಾಸದ ಸಾರ)



ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ ಎಂಬ ಭಯ ಹಲವರಲ್ಲಿದೆ. ಇದು ತಪ್ಪು ತಿಳಿವಳಿಕೆ. ಹಲ್ಲಿನ ಮೇಲೆ ದಿನವೂ ರೋಗಾಣುಗಳ ತೆಳುವಾದ ಪದರ ಕಟ್ಟುತ್ತದೆ. ಉಜ್ಜದೆ ಬಿಟ್ಟರೆ ಅದೇ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್‌ಗೆ ಅದು ಜಗ್ಗುವುದಿಲ್ಲ. ಒಸಡು ಊದಿ ರಕ್ತ ಬರುತ್ತದೆ. ಕಾಲಕ್ರಮೇಣ ಹಲ್ಲು ಹಿಡಿದಿರುವ ಮೂಳೆಯೇ ಕರಗುತ್ತದೆ. ಸಡಿಲತೆಗೆ ಕಾರಣ ಈ ರೋಗವೇ ಹೊರತು ಶುಚಿ ಮಾಡಿದ್ದಲ್ಲ. ಕಲ್ಲು ತೆಗೆದಾಗ, ಮೊದಲೇ ಇದ್ದ ಸಡಿಲತೆ ಗೊತ್ತಾಗುತ್ತದೆ, ಅಷ್ಟೇ. ಕೆಲವು ದಿನ ಜುಮ್ಮೆನ್ನುವುದು ಸಹಜ.

ಈ ಕೆಲಸಕ್ಕೆಂದೇ ತರಬೇತಾದವರು ಡೆಂಟಲ್ ಹೈಜೀನಿಸ್ಟ್‌ಗಳು. 1913ರಲ್ಲಿ ಅಮೆರಿಕದ ಬ್ರಿಜ್‌ಪೋರ್ಟ್‌ನಲ್ಲಿ ಡಾ. ಆಲ್ಫ್ರೆಡ್ ಫೋನ್ಸ್ ಅವರು ಇವರಿಗಾಗಿ ಶಾಲೆ ತೆರೆದರು. ಕಲಿತ ಮಹಿಳೆಯರು ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿಗೊಳಿಸಿ, ಉಜ್ಜುವ ಕ್ರಮ ಕಲಿಸಿದರು. ನಮ್ಮ ದೇಶದಲ್ಲಿ 1948ರ ದಂತವೈದ್ಯರ ಕಾಯ್ದೆಯೇ ಇವರನ್ನು ಗುರುತಿಸಿತು. ಆದರೂ ಇವರ ಸಂಖ್ಯೆ ಕಡಿಮೆ. ಹೆಚ್ಚಾಗಿ ದಂತವೈದ್ಯರೇ ಈ ಕೆಲಸ ಮಾಡುತ್ತಾರೆ. 1979ರಲ್ಲಿ ಆರಂಭವಾದ ಬಾಪೂಜಿ ದಂತ ಕಾಲೇಜು ಸೇರಿ ಎರಡು ದಂತ ಕಾಲೇಜುಗಳಿರುವ ಊರು ನಮ್ಮದು. ಹಲ್ಲು ನೋಯುವವರೆಗೆ ಕಾಯಬೇಕಾಗಿಲ್ಲ.

ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಗಮನಿಸಬೇಕು. ಸಕ್ಕರೆ ಹೆಚ್ಚಿದ್ದರೆ ಒಸಡಿನ ರೋಗ ಬಲಿಯುತ್ತದೆ. ಒಸಡಿನ ರೋಗವಿದ್ದರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಅಡಿಕೆ, ಗುಟ್ಕಾ ಹಾಕುವವರಲ್ಲಿ ಕಲೆ ತೆಗೆಯಬಹುದು, ಕ್ಯಾನ್ಸರ್ ಅಪಾಯ ತೆಗೆಯಲಾಗದು. ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಬಿಗಿತ ಕಂಡರೆ ಕೂಡಲೇ ತೋರಿಸಿ.

ರೋಗಿಯ ಜೊತೆಗಿರುವ ಬಂಧುಗಳೇ, ಹಾಸಿಗೆ ಹಿಡಿದವರ ಪಾಲಿಗೆ ಈ ಕೆಲಸ ನಿಮ್ಮದು. ಬಾಯಿಯ ರೋಗಾಣುಗಳು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಆದ್ದರಿಂದ:

1. ರೋಗಿಯ ತಲೆ ಎತ್ತರಿಸಿ, ಮುಖ ಪಕ್ಕಕ್ಕೆ ತಿರುಗಿಸಿ.
2. ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಬಾರಿ ಹಲ್ಲು, ನಾಲಿಗೆ ಉಜ್ಜಿ. ನೀರು ಹೆಚ್ಚು ಹಾಕಬೇಡಿ.
3. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿ.
4. ಪ್ರಜ್ಞೆ ಇಲ್ಲದವರ ಬಾಯಿಗೆ ಬೆರಳು ಹಾಕದೆ ನರ್ಸ್ ಅವರನ್ನು ಕೇಳಿ.

ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಹೃದಯದ ಕವಾಟ ಹಾಕಿಸಿಕೊಂಡವರು, ಗರ್ಭಿಣಿಯರು ಶುಚಿ ಮಾಡಿಸುವ ಮೊದಲು ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬೇಡಿ.