ಹಸಿರು ಶಾಯಿಯ ಸಹಿ



ಪದವಿ ಮುಗಿಸಿ ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕಿತ್ತು. ಒಂದು ಕಚೇರಿಯ ಮುಂದೆ ಎರಡು ದಿನ ಕಾದೆ. 'ನೀನ್ಯಾರೋ ಗೊತ್ತಿಲ್ಲ' ಎಂದು ಕಳಿಸಿದರು. ಕೊನೆಗೆ ಇದೇ ಶಾಲೆಗೆ ಬಂದೆ. ಹೆಡ್‌ಮಾಸ್ಟರು ಮೂಲಪ್ರತಿ ಪೂರ್ತಿ ಓದಿ, ಇಂಗ್ಲಿಷಿನ ಅಂಕ ಕಂಡು ಹುಬ್ಬು ಗಂಟಿಕ್ಕಿ, ಹಸಿರು ಶಾಯಿಯಲ್ಲಿ ಸಹಿ ಹಾಕಿ ಮೊಹರು ಒತ್ತಿದರು. ಅರ್ಜಿ ಅಂದಿನ ಟಪಾಲಿಗೇ ಹೋಯಿತು.

2013ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತುಕೊಟ್ಟಿತು. ಈಗ ನಕಲಿನ ಮೇಲೆ ನಿಮ್ಮದೇ ಸಹಿ ಬಹಳ ಕಡೆ ಸಾಕು. ಮೂಲಪ್ರತಿಯನ್ನು ಆಮೇಲೆ ನೋಡುತ್ತಾರೆ. ಸುಳ್ಳಾದರೆ ಹೊಣೆ ನಿಮ್ಮದೇ.

ಮುಂದೆ ಡಿಗ್ರಿ ಪಾಸಾದರೆ ಘಟಿಕೋತ್ಸವದ ಪ್ರಮಾಣಪತ್ರ ಬೇಗ ತೆಗೆದುಕೊಳ್ಳಿ. ನಾನು ಹತ್ತು ವರ್ಷ ತಾತ್ಕಾಲಿಕ ಪ್ರಮಾಣಪತ್ರದಲ್ಲೇ ಕಳೆದು, ಬಡ್ತಿಯ ಹೊತ್ತಿಗೆ ದಂಡ ಕಟ್ಟಿ ವಿಶ್ವವಿದ್ಯಾಲಯಕ್ಕೆ ಅಲೆದೆ.